ಆ್ಯಪ್ ಸಾಯುವುದು ಯಾವಾಗ ಅಂತ ಆ್ಯಪ್‌ಗೇ ಗೊತ್ತಿರಲ್ಲ

"ಸಾರ್, ಫೋಟೋ ತೆಗೆದು ವಾಪಸ್ ಬಂದ್ರೆ ಫಾರ್ಮ್ ಪೂರ್ತಿ ಖಾಲಿ."

ಕೆಲವು ವರ್ಷಗಳ ಹಿಂದೆ ನನಗೆ ಬಂದ ಫೋನ್ ಕರೆ ಇದು. ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುವವರಿಗಾಗಿ ನಾವು ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೆವು. 40 ಪ್ರಶ್ನೆ, ಕೊನೆಗೆ ಮನೆಯ ಮುಂದೆ ನಿಂತು ಒಂದು ಫೋಟೋ. ಫೋನ್ ಮಾಡಿದ್ದ ಹೆಣ್ಣುಮಗಳು ನಲವತ್ತಕ್ಕೂ ಉತ್ತರ ತುಂಬಿ, ಕ್ಯಾಮೆರಾ ಬಟನ್ ಒತ್ತಿ, ಫೋಟೋ ತೆಗೆದು ಓಕೆ ಅಂದರೆ ಮತ್ತೆ ಮೊದಲನೇ ಪ್ರಶ್ನೆ. ಮನೆಯವರ ಹತ್ತಿರ ಎಲ್ಲವನ್ನೂ ಇನ್ನೊಂದು ಸಲ ಕೇಳಬೇಕು. "ಈಗಷ್ಟೇ ಹೇಳಿದ್ನಲ್ಲಮ್ಮ" ಅಂತ ಅವರು ಮುಖ ಮುರಿಯುತ್ತಾರೆ.

ನನ್ನ ಮೇಜಿನ ಮೇಲಿದ್ದ 8 ಜಿಬಿ ಮೆಮೊರಿಯ ಫೋನಿನಲ್ಲಿ ಎಷ್ಟು ಸಲ ಮಾಡಿ ನೋಡಿದರೂ ಹಾಗೆ ಆಗಲೇ ಇಲ್ಲ. ಅವರದ್ದು 2 ಜಿಬಿ ಫೋನ್. ಅವರು ಇನ್ನೂ ಎರಡು ಮಾತು ಹೇಳಿದ್ದರು. ಬೆಳಿಗ್ಗೆ ಸರಿಯಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತೆ. ಮತ್ತೆ, ಒಂದು ಸಲ ಹಾಳಾದ ಮೇಲೆ ಮುಂದಿನ ಆರೇಳು ಮನೆ ಏನೂ ತೊಂದರೆ ಇರಲ್ಲ. ನಾನು ಇವೆರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಉತ್ತರ ಅಲ್ಲೇ ಇತ್ತು.

ಕೊಲ್ಲುವವರು ಯಾರು

ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಸಾಮಾನ್ಯವಾಗಿ ತನ್ನದೇ ಒಂದು ಪ್ರೊಸೆಸ್, ಅಂದರೆ ಮೆಮೊರಿಯಲ್ಲಿ ಓಡುತ್ತಿರುವ ಅದರ ರೂಪ, ಇರುತ್ತದೆ. ಐಕಾನ್ ಒತ್ತಿದಾಗ ಝೈಗೋಟ್ ಎಂಬ ತಾಯಿ ಪ್ರೊಸೆಸ್‌ನಿಂದ ಕವಲೊಡೆದು ಅದು ಹುಟ್ಟುತ್ತದೆ. ಹುಟ್ಟಿದ್ದು ನಿಮ್ಮ ಬೆರಳಿನಿಂದ. ಸಾಯುವುದು ಮಾತ್ರ ಹಾಗಲ್ಲ. ಕಂಪ್ಯೂಟರ್‌ನಲ್ಲಿ ಮೂಲೆಯ ಇಂಟು ಗುರುತು ಒತ್ತಿದರೆ ಪ್ರೋಗ್ರಾಂ ಮುಗಿಯಿತು ಅಂತ ನಮಗೆಲ್ಲ ಅಭ್ಯಾಸವಾಗಿದೆ. ಫೋನಿನಲ್ಲಿ ಹೋಮ್ ಒತ್ತಿದರೆ ಆ್ಯಪ್ ಹಿಂದಕ್ಕೆ ಸರಿಯುತ್ತದೆ, ಅಷ್ಟೇ. ಮೊದಲು ಆ್ಯಪ್‌ನ ಮುಖ್ಯ ಸ್ಕ್ರೀನ್‌ನಲ್ಲಿ ಬ್ಯಾಕ್ ಒತ್ತಿದರೆ ಆ ಸ್ಕ್ರೀನ್ ಆದರೂ ಮುಗಿಯುತ್ತಿತ್ತು. ಆಂಡ್ರಾಯ್ಡ್ 12ರಿಂದ ಅದೂ ಇಲ್ಲ, ಅಲ್ಲೂ ಸುಮ್ನೆ ಹಿಂದಕ್ಕೆ ಸರಿಯುವುದೇ. ಪ್ರೊಸೆಸ್ ಮೆಮೊರಿಯಲ್ಲಿ ಕೂತೇ ಇರುತ್ತದೆ. ಮುಂದಿನ ಸಲ ಬೇಗ ತೆರೆಯಲಿ ಅಂತ.

ಹೀಗೆ ಕೂತವರೆಲ್ಲ ಸೇರಿ ಜಾಗ ಸಾಲದೆ ಬಂದಾಗ ಲೋ ಮೆಮೊರಿ ಕಿಲ್ಲರ್ ಏಳುತ್ತದೆ. ಹೆಸರಿನಲ್ಲೇ ಕೆಲಸ ಇದೆ. ಹಿಂದೆ ಇದು ಆಂಡ್ರಾಯ್ಡ್‌ನ ತಳದಲ್ಲಿರುವ ಲಿನಕ್ಸ್ ಕರ್ನಲ್‌ನ ಒಳಗೇ ಇತ್ತು. ಕರ್ನಲ್ 4.12ರಲ್ಲಿ ಅದನ್ನು ತೆಗೆದರು. ಈಗ ಎಲ್‌ಎಂಕೆಡಿ ಎಂಬ ಬೇರೆ ಪ್ರೋಗ್ರಾಂ ಆ ಕೆಲಸ ಮಾಡುತ್ತದೆ. ಅದರ ಹತ್ತಿರ ಎಲ್ಲ ಪ್ರೊಸೆಸ್‌ಗಳಿಗೂ ಒಂದೊಂದು ಅಂಕ ಇರುತ್ತದೆ. ಈಗ ನಿಮ್ಮ ಕಣ್ಣೆದುರು ಇರುವ ಆ್ಯಪ್‌ಗೆ 0. ಹಿಂದೆ ಕೂತು ಹಾಡು ನುಡಿಸುತ್ತಿರುವುದಕ್ಕೆ 200ರ ಆಸುಪಾಸು. ಈಗಷ್ಟೇ ಬಿಟ್ಟು ಬಂದ ಆ್ಯಪ್‌ಗೆ 700. ಯಾವಾಗಲೋ ತೆರೆದು ಮರೆತವಕ್ಕೆ 900ರ ಮೇಲೆ. ಅಂಕ ಜಾಸ್ತಿ ಇದ್ದವರು ಮೊದಲು ಹೋಗುತ್ತಾರೆ. ಪರೀಕ್ಷೆಗೆ ತದ್ವಿರುದ್ಧ. ಇದರ ಜೊತೆಗೆ ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆ ಎಂಬುದೂ ಲೆಕ್ಕಕ್ಕೆ ಬರಬಹುದು. ದಪ್ಪಗಿರುವವರನ್ನು ತೆಗೆದರೆ ಒಂದೇ ಏಟಿಗೆ ಜಾಸ್ತಿ ಜಾಗ ಸಿಗುತ್ತದಲ್ಲ!

ನಮ್ಮ ಆ್ಯಪ್‌ನಿಂದ ಕ್ಯಾಮೆರಾ ತೆರೆದ ಕ್ಷಣಕ್ಕೆ ನಮ್ಮ ಅಂಕ 0ಯಿಂದ 700ಕ್ಕೆ ಹಾರುತ್ತದೆ. ಕ್ಯಾಮೆರಾಗೆ ಸಿಕ್ಕಾಪಟ್ಟೆ ಮೆಮೊರಿ ಬೇಕು. 8 ಜಿಬಿ ಫೋನಿನಲ್ಲಿ ಬಲಿಕೊಡಲು 900ರ ಮೇಲಿನವರು ಬೇಕಾದಷ್ಟು ಇರುತ್ತಾರೆ. 2 ಜಿಬಿ ಫೋನಿನಲ್ಲಿ ಅವರೆಲ್ಲ ಆಗಲೇ ಖಾಲಿ. ಮುಂದಿನ ಸರದಿ ನಮ್ಮದೇ.

ಕೊಲ್ಲುವ ರೀತಿಯೂ ಗಮನಿಸಬೇಕಾದದ್ದು. ಸಿಗ್ನಲ್ 9 ಬರುತ್ತದೆ. ಈ ಸಿಗ್ನಲ್ ಅನ್ನು ಯಾವ ಪ್ರೋಗ್ರಾಂ ಕೂಡ ತಡೆಯುವಂತಿಲ್ಲ, "ಒಂದು ನಿಮಿಷ ಇರಿ, ಇದನ್ನ ಸೇವ್ ಮಾಡ್ಕೊಂಡು ಬರ್ತೀನಿ" ಅನ್ನುವಂತಿಲ್ಲ. ಆ ಕ್ಷಣಕ್ಕೆ ಮುಗಿಯಿತು.

ಆಮೇಲಿನದ್ದು ಇನ್ನೂ ಮಜವಾಗಿದೆ. ಯಾವ ಆ್ಯಪ್‌ನ ಯಾವ ಸ್ಕ್ರೀನ್ ತೆರೆದಿತ್ತು ಎಂಬ ದಾಖಲೆಯನ್ನು ಆಂಡ್ರಾಯ್ಡ್ ತನ್ನ ಹತ್ತಿರ ಬೇರೆ ಇಟ್ಟುಕೊಂಡಿರುತ್ತದೆ. ನೀವು ಕ್ಯಾಮೆರಾದಿಂದ ವಾಪಸ್ ಬಂದಾಗ ಸತ್ತ ಆ್ಯಪ್‌ಗೆ ಹೊಸ ಪ್ರೊಸೆಸ್ ಹುಟ್ಟಿಸಿ, ಅದೇ ಸ್ಕ್ರೀನ್ ಅನ್ನು ಮತ್ತೆ ಕಟ್ಟಿ ನಿಲ್ಲಿಸುತ್ತದೆ. ನೋಡುವವರಿಗೆ ಆ್ಯಪ್ ಎಲ್ಲೂ ಹೋಗೇ ಇಲ್ಲ ಅನಿಸುತ್ತದೆ. ಮನೆ ಅದೇ, ಸಾಮಾನು ಮಾತ್ರ ಇಲ್ಲ. ಐಡಿ ಇರುವ ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ಬರೆದದ್ದನ್ನು ಆಂಡ್ರಾಯ್ಡ್ ತಾನಾಗಿಯೇ ಉಳಿಸಿಕೊಡುತ್ತದೆ. ನಮ್ಮ ಪ್ರಶ್ನೆಗಳು ಸರ್ವರ್‌ನಿಂದ ಬರುತ್ತಿದ್ದವು, ಬಾಕ್ಸ್‌ಗಳನ್ನು ಕೋಡ್‌ನಲ್ಲೇ ಹುಟ್ಟಿಸುತ್ತಿದ್ದೆವು. ಅವಕ್ಕೆ ಐಡಿ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಆನ್‌ಡಿಸ್ಟ್ರಾಯ್ ನಂಬಿ ಕೆಟ್ಟದ್ದು

"ನಾವು ಡ್ರಾಫ್ಟ್ ಸೇವ್ ಮಾಡ್ತೀವಲ್ಲ?" ಅಂತ ನನ್ನ ಜೊತೆಗಾರ ಕೇಳಿದ. ಹೌದು, ಮಾಡುತ್ತಿದ್ದೆವು. ಆನ್‌ಡಿಸ್ಟ್ರಾಯ್‌ನಲ್ಲಿ. ಆ ಕೋಡ್ ಬರೆದವನು ನಾನೇ.

ಆಂಡ್ರಾಯ್ಡ್‌ನ ಒಂದು ಸ್ಕ್ರೀನ್‌ಗೆ, ಅಂದರೆ ಆಕ್ಟಿವಿಟಿಗೆ, ಹುಟ್ಟಿನಿಂದ ಕೊನೆಯವರೆಗೆ ಕೆಲವು ಕರೆಗಳು ಬರುತ್ತವೆ. ಹುಟ್ಟಿದಾಗ ಆನ್‌ಕ್ರಿಯೇಟ್, ಕಣ್ಣಿಗೆ ಬಿದ್ದಾಗ ಆನ್‌ಸ್ಟಾರ್ಟ್, ಕೈಗೆ ಸಿಕ್ಕಾಗ ಆನ್‌ರೆಸ್ಯೂಮ್. ವಾಪಸ್ ಹೋಗುವಾಗ ಆನ್‌ಪಾಸ್, ಆನ್‌ಸ್ಟಾಪ್, ಕೊನೆಗೆ ಆನ್‌ಡಿಸ್ಟ್ರಾಯ್. ಚಿತ್ರದಲ್ಲಿ ನೋಡಿದರೆ ಎಷ್ಟು ಚೆನ್ನಾಗಿದೆ ಅಂದರೆ ಕೊನೆಯ ಪೆಟ್ಟಿಗೆಯಲ್ಲಿ ಎಲ್ಲ ಕೆಲಸ ಮುಗಿಸೋಣ ಅನಿಸುತ್ತದೆ. ಆದರೆ ಪ್ರೊಸೆಸ್ ಸಿಗ್ನಲ್ 9ಕ್ಕೆ ಸತ್ತರೆ ಆ ಪೆಟ್ಟಿಗೆಗೆ ಯಾರೂ ಬರುವುದೇ ಇಲ್ಲ. ಅಪ್ಲಿಕೇಶನ್ ಕ್ಲಾಸ್‌ನಲ್ಲಿ ಆನ್‌ಟರ್ಮಿನೇಟ್ ಅಂತ ಇನ್ನೊಂದಿದೆ. ಅದು ಜನರ ಕೈಯಲ್ಲಿರುವ ಫೋನ್‌ಗಳಲ್ಲಿ ಯಾವತ್ತೂ ಕರೆಯಲ್ಪಡುವುದಿಲ್ಲ ಎಂದು ಆಂಡ್ರಾಯ್ಡ್ ದಾಖಲೆಯೇ ಹೇಳುತ್ತದೆ. ಹಾಗಿದ್ದರೂ ಅದರೊಳಗೆ ಮುಖ್ಯವಾದ ಕೋಡ್ ಬರೆದಿಟ್ಟವರನ್ನು ನಾನು ನೋಡಿದ್ದೇನೆ.

ಹಾಗಾದರೆ ಎಲ್ಲಿ ಸೇವ್ ಮಾಡಬೇಕು? ಆನ್‌ಸ್ಟಾಪ್ ಕರೆ ಬಂದಿದೆ ಅಂದರೆ ಇದೇ ಕೊನೆಯ ಕರೆ ಇರಬಹುದು ಅಂತಲೇ ತಿಳಿಯಬೇಕು. ಜೊತೆಗೆ ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್ ಎಂಬ ಕರೆ ಒಂದು ಸಣ್ಣ ಚೀಲ ಕೊಡುತ್ತದೆ, ಬಂಡಲ್ ಅಂತ ಅದರ ಹೆಸರು. ಅದರಲ್ಲಿ ಹಾಕಿದ್ದು ಪ್ರೊಸೆಸ್ ಸತ್ತರೂ ಉಳಿಯುತ್ತದೆ. ಆದರೆ ಚೀಲ ನಿಜಕ್ಕೂ ಸಣ್ಣದು. ಅದು ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಬೈಂಡರ್ ಮೂಲಕ ಸಿಸ್ಟಂ ಕಡೆಗೆ ಸಾಗಬೇಕು. ಬೈಂಡರ್‌ನ ಬಫರ್ ಇಡೀ ಪ್ರೊಸೆಸ್‌ಗೆ ಸೇರಿ ಸುಮಾರು 1 ಎಂಬಿ. ಫೋಟೋ ತುರುಕಿದರೆ ಆ್ಯಪ್ ಅಲ್ಲೇ ಕ್ರ್ಯಾಶ್. ಇನ್ನೊಂದು ವಿಷಯ. ಬಳಸುವವರು ರಿಸೆಂಟ್ಸ್‌ನಿಂದ (ಈಚೆಗೆ ತೆರೆದ ಆ್ಯಪ್‌ಗಳ ಪಟ್ಟಿ) ಆ್ಯಪ್ ಅನ್ನು ಸ್ವೈಪ್ ಮಾಡಿ ಎಸೆದರೆ ಈ ಚೀಲವೂ ಅದರ ಜೊತೆಗೇ ಹೋಗುತ್ತದೆ.

ಅದಕ್ಕೇ ನಾವು ಕೊನೆಗೆ ಮಾಡಿದ್ದು ಬಹಳ ಸಾದಾ ಕೆಲಸ. ಒಂದೊಂದು ಉತ್ತರ ತುಂಬಿದ ಹಾಗೆಲ್ಲ ಡೇಟಾಬೇಸ್‌ಗೆ ಬರೆಯುವುದು. ಬಂಡಲ್‌ನಲ್ಲಿ ಡ್ರಾಫ್ಟ್‌ನ ನಂಬರ್ ಮಾತ್ರ. ಸ್ಕ್ರೀನ್‌ನ ಮಾಹಿತಿ ಹಿಡಿದಿಡಲು ವ್ಯೂಮಾಡೆಲ್ ಇದೆಯಲ್ಲ ಅನ್ನಬಹುದು. ವ್ಯೂಮಾಡೆಲ್ ಫೋನ್ ತಿರುಗಿಸಿದಾಗ ಉಳಿಯುತ್ತದೆ, ಪ್ರೊಸೆಸ್ ಸತ್ತರೆ ಉಳಿಯುವುದಿಲ್ಲ. ಅದೂ ಅದೇ ಪ್ರೊಸೆಸ್‌ನ ಮೆಮೊರಿಯಲ್ಲಿ ಇರುವ ವಸ್ತು ತಾನೇ? ಇಂಟರ್‌ವ್ಯೂಗಳಲ್ಲಿ ನಾನು ಕೇಳುವ ಪ್ರಶ್ನೆ ಇದು, ಜಾಸ್ತಿ ಜನ ತಪ್ಪುವುದೂ ಇಲ್ಲೇ.

ಇಷ್ಟು ಮಾಡಿ ಹೊಸ ಆ್ಯಪ್ ಕಳಿಸಿದೆವು. ಮಾರನೇ ದಿನ ಮತ್ತೆ ಫೋನ್. "ಫಾರ್ಮ್ ಇದೆ ಸಾರ್, ಫೋಟೋ ಇಲ್ಲ." ಕ್ಯಾಮೆರಾಗೆ ಫೋಟೋವನ್ನು ಯಾವ ಫೈಲ್‌ಗೆ ಬರೆಯಬೇಕು ಅಂತ ನಾವೇ ದಾರಿ ಹೇಳಿ ಕಳಿಸಿರುತ್ತೇವೆ. ಆ ದಾರಿಯನ್ನು ಒಂದು ಮಾಮೂಲಿ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಕ್ಯಾಮೆರಾ ಹೇಳಿದ ಜಾಗದಲ್ಲೇ ಫೋಟೋ ಇಟ್ಟಿತ್ತು, "ಆಯ್ತು" ಅಂತ ವಾಪಸ್ ತಿಳಿಸಿಯೂ ಇತ್ತು. ಹೊಸದಾಗಿ ಹುಟ್ಟಿದ ನಮ್ಮ ಪ್ರೊಸೆಸ್‌ಗೆ ಎಲ್ಲಿ ಇಡು ಅಂದಿದ್ದೆವು ಅನ್ನೋದೇ ಗೊತ್ತಿಲ್ಲ. ಆ ದಾರಿಯೂ ಬಂಡಲ್‌ಗೆ ಹೋಯಿತು. ಅಲ್ಲಿಗೆ ದೂರು ನಿಂತಿತು.

ಆದರೆ ಮಧ್ಯಾಹ್ನವೇ ಯಾಕೆ?

ಅಟ್ಟದ ಮೇಲಿನ ಸಾಮಾನು

ಅವರದ್ದೇ ಮಾದರಿಯ ಹಳೇ ಫೋನ್ ಒಂದನ್ನು ತರಿಸಿ, ಕೂತು ಒಂದಾದ ಮೇಲೊಂದು ಏಳು ಸುಳ್ಳು ಮನೆಗಳ ಫಾರ್ಮ್ ತುಂಬಿದೆ. ಆಮೇಲೆ ಕಂಪ್ಯೂಟರ್‌ಗೆ ಜೋಡಿಸಿ 'ಎಡಿಬಿ ಶೆಲ್ ಡಂಪ್‌ಸಿಸ್ ಮೆಮ್‌ಇನ್‌ಫೋ' ಎಂಬ ಕಮಾಂಡ್ ಜೊತೆ ನಮ್ಮ ಆ್ಯಪ್‌ನ ಪ್ಯಾಕೇಜ್ ಹೆಸರು (ಫೋನಿನೊಳಗೆ ಆ್ಯಪ್ ಅನ್ನು ಗುರುತಿಸುವ ಹೆಸರು) ಕೊಟ್ಟೆ. ಬರುವ ಉದ್ದದ ಪಟ್ಟಿಯಲ್ಲಿ ಕೆಳಗೆ 'ಆಬ್ಜೆಕ್ಟ್ಸ್' ಅಂತ ಒಂದು ಭಾಗ ಇರುತ್ತದೆ. ಅದರಲ್ಲಿ ಆಕ್ಟಿವಿಟೀಸ್ ಎಂಬ ಸಾಲು. ಆಗ ತೆರೆದಿದ್ದದ್ದು ಮುಖಪುಟ ಒಂದೇ, ಹಾಗಾಗಿ 1 ಇರಬೇಕು. ಇದ್ದದ್ದು 8.

ಏಳು ಮನೆಗಳ ಏಳು ಫಾರ್ಮ್ ಸ್ಕ್ರೀನ್‌ಗಳು ಮುಚ್ಚಿದ ಮೇಲೂ ಮೆಮೊರಿಯಲ್ಲಿ ಹಾಗೇ ನಿಂತಿದ್ದವು. ಇದೇ ಮೆಮೊರಿ ಲೀಕ್. ಹೆಸರು ಕೇಳಿದರೆ ಏನೋ ಸೋರಿ ಹೊರಗೆ ಹೋದ ಹಾಗಿದೆ. ನಿಜಕ್ಕೂ ಆಗುವುದು ಉಲ್ಟಾ, ಹೊರಗೆ ಹೋಗಬೇಕಾದದ್ದು ಒಳಗೇ ಕಟ್ಟಿಕೊಳ್ಳುತ್ತದೆ.

ಜಾವಾ, ಕಾಟ್ಲಿನ್‌ನಲ್ಲಿ ಬರೆದ ಕೋಡ್‌ಗೆ ಬೇಡದ ಮೆಮೊರಿಯನ್ನು ತಾನಾಗಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಇರುತ್ತದಲ್ಲ, ಮತ್ತೆ ಹೇಗೆ ಲೀಕ್ ಆಗುತ್ತದೆ? ಬೆಳಿಗ್ಗೆ ಬೀದಿಗೆ ಬರುವ ಕಸದ ಗಾಡಿ ನೆನಪು ಮಾಡಿಕೊಳ್ಳಿ. ಅವರು ಹೊರಗೆ ಇಟ್ಟಿದ್ದನ್ನು ಒಯ್ಯುತ್ತಾರೆ. ಮನೆಯೊಳಗೆ ನುಗ್ಗಿ ಅಟ್ಟ ಹತ್ತಿ "ಈ ಮುರಿದ ಫ್ಯಾನ್ ನಿಮಗೆ ಬೇಕಾ?" ಅಂತ ಕೇಳುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ಕೂಡ ಇಷ್ಟೇ. ಒಂದು ವಸ್ತು ಉಪಯೋಗಕ್ಕೆ ಬರುತ್ತದಾ ಅಂತ ಅದು ನೋಡುವುದಿಲ್ಲ. ಆ ವಸ್ತುವಿನ ಕೈ ಯಾರಾದರೂ ಹಿಡಿದಿದ್ದಾರಾ ಅಂತ ಮಾತ್ರ ನೋಡುತ್ತದೆ. ಓಡುತ್ತಿರುವ ಥ್ರೆಡ್‌ಗಳು, ಪ್ರೊಸೆಸ್ ಇರುವವರೆಗೂ ಉಳಿಯುವ ಸ್ಟ್ಯಾಟಿಕ್ ವೇರಿಯಬಲ್‌ಗಳು, ಇಂಥ ಕೆಲವು ಬೇರುಗಳಿಂದ ಹೊರಟು, ಒಬ್ಬರ ಕೈ ಹಿಡಿದು ಇನ್ನೊಬ್ಬರು, ಅವರ ಕೈ ಹಿಡಿದು ಮತ್ತೊಬ್ಬರು ಅಂತ ಎಲ್ಲಿಯವರೆಗೆ ಸರಪಳಿ ತಲುಪುತ್ತದೋ ಅವರೆಲ್ಲ ಬದುಕಿರುತ್ತಾರೆ. ಉಳಿದವರು ಕಸ.

ನಮ್ಮ ಫಾರ್ಮ್ ಸ್ಕ್ರೀನ್‌ಗಳ ಕೈ ಹಿಡಿದವರು ಯಾರು? ಇದನ್ನು ಹುಡುಕಲು ಲೀಕ್‌ಕ್ಯಾನರಿ ಹಾಕಿದೆ. ಸ್ಕ್ವೇರ್ ಕಂಪನಿ 2015ರಲ್ಲಿ ಬಿಡುಗಡೆ ಮಾಡಿದ ಉಚಿತ ಲೈಬ್ರರಿ ಇದು. ಹಿಂದೆ ಕಲ್ಲಿದ್ದಲು ಗಣಿಯೊಳಗೆ ವಿಷಗಾಳಿ ಗೊತ್ತಾಗಲಿ ಅಂತ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರಲ್ಲ, ಆ ಹೆಸರು. ಇದರ ಉಪಾಯ ನನಗೆ ಬಹಳ ಇಷ್ಟ. ಒಂದು ಸ್ಕ್ರೀನ್‌ಗೆ ಆನ್‌ಡಿಸ್ಟ್ರಾಯ್ ಆದ ಕೂಡಲೇ ಅದಕ್ಕೊಂದು ವೀಕ್ ರೆಫರೆನ್ಸ್ ಕಟ್ಟುತ್ತದೆ. ವೀಕ್ ಅಂದರೆ ಗಾರ್ಬೇಜ್ ಕಲೆಕ್ಟರ್ ಲೆಕ್ಕಕ್ಕೆ ತೆಗೆದುಕೊಳ್ಳದ ಹಿಡಿತ, ನೂಲಿನ ಎಳೆಯ ಹಾಗೆ. 5 ಸೆಕೆಂಡ್ ಬಿಟ್ಟು ನೋಡುತ್ತದೆ. ಎಳೆಯ ಆ ತುದಿಯಲ್ಲಿ ವಸ್ತು ಇಲ್ಲದಿದ್ದರೆ ಸರಿ. ಇನ್ನೂ ಇದ್ದರೆ ಅನುಮಾನ. ಇಂಥವು ನಾಲ್ಕೈದು ಸೇರಿದಾಗ ಇಡೀ ಹೀಪ್‌ನ, ಅಂದರೆ ಆ್ಯಪ್‌ನ ವಸ್ತುಗಳು ಕೂರುವ ಮೆಮೊರಿಯ, ಪಡಿಯಚ್ಚು ತೆಗೆದು ಸರಪಳಿ ತೋರಿಸುತ್ತದೆ.

ನಮಗೆ ತೋರಿಸಿದ ಸರಪಳಿ ಹೀಗಿತ್ತು. ಮೇಲೆ ಲೊಕೇಶನ್ ಹೆಲ್ಪರ್, ಇಡೀ ಆ್ಯಪ್‌ಗೆ ಒಂದೇ ಇರುವ ಸ್ಟ್ಯಾಟಿಕ್ ವಸ್ತು. ಅದರ ಕೈಯಲ್ಲಿ ಲಿಸನರ್‌ಗಳ, ಅಂದರೆ ಸುದ್ದಿಗೆ ಕಾದು ಕೂತವರ, ಪಟ್ಟಿ. ಪಟ್ಟಿಯಲ್ಲಿ ನಮ್ಮ ಲಿಸನರ್. ಲಿಸನರ್ ಕೈಯಲ್ಲಿ ಫಾರ್ಮ್ ಸ್ಕ್ರೀನ್. ಸ್ಕ್ರೀನ್ ಕೈಯಲ್ಲಿ ಫೋಟೋ ತೋರಿಸುವ ಇಮೇಜ್‌ವ್ಯೂ, ಅದರ ಕೈಯಲ್ಲಿ ಮನೆಯ ಫೋಟೋ. ಪ್ರತಿ ಫಾರ್ಮ್ ತೆರೆದಾಗಲೂ "ಮನೆ ಎಲ್ಲಿದೆ ಅಂತ ಜಿಪಿಎಸ್ ಸಿಕ್ಕಾಗ ಹೇಳಪ್ಪ" ಅಂತ ಹೆಲ್ಪರ್ ಹತ್ತಿರ ಹೆಸರು ಬರೆಸುತ್ತಿದ್ದೆವು. ಹೋಗುವಾಗ ಹೆಸರು ತೆಗೆಸುತ್ತಿರಲಿಲ್ಲ. ಆ ಲಿಸನರ್ ಒಂದು ಹೆಸರಿಲ್ಲದ ಒಳ ಕ್ಲಾಸ್. ಜಾವಾದಲ್ಲಿ ಅಂಥ ಕ್ಲಾಸ್ ತನ್ನ ಹೊರಗಿನ ಕ್ಲಾಸ್‌ನ ಕೈ ಬಿಡದೆ ಹಿಡಿದಿರುತ್ತದೆ, ಕೋಡ್‌ನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ನಾನು ಆ ಸಾಲುಗಳನ್ನು ಹತ್ತು ಸಲವಾದರೂ ಓದಿದ್ದೆ.

ಈಗ ತೂಕ ಹಾಕೋಣ. ಫೋಟೋವನ್ನು 1600 × 1200ಕ್ಕೆ ಚಿಕ್ಕದು ಮಾಡಿ ತೋರಿಸುತ್ತಿದ್ದೆವು. ಫೈಲ್ ಆಗಿ ಇದ್ದಾಗ ಕೆಲವು ನೂರು ಕೆಬಿ. ಸ್ಕ್ರೀನ್ ಮೇಲೆ ತೋರಿಸಬೇಕಾದರೆ ಬಿಚ್ಚಿ ಹರಡಬೇಕು, ಒಂದೊಂದು ಪಿಕ್ಸೆಲ್‌ಗೆ 4 ಬೈಟ್. 19.2 ಲಕ್ಷ ಪಿಕ್ಸೆಲ್‌ಗೆ 76.8 ಲಕ್ಷ ಬೈಟ್, ಹತ್ತಿರ ಹತ್ತಿರ 7.7 ಎಂಬಿ. ಏಳು ಮನೆಗೆ ಸುಮಾರು 54 ಎಂಬಿ. ಚಿಕ್ಕದು ಮಾಡದೆ 12 ಮೆಗಾಪಿಕ್ಸೆಲ್ ಫೋಟೋವನ್ನೇ ತೋರಿಸಿದ್ದರೆ ಒಂದಕ್ಕೇ 48 ಎಂಬಿ. 2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್‌ಗೆ ಸಿಗುತ್ತಿದ್ದ ಹೀಪ್ ಬರೀ 16 ಎಂಬಿ, ಅಂದಿನವರು ಹೇಗೆ ಬದುಕಿದರೋ.

ನಾನು ಇದನ್ನು ಮೊದಲೇ ಯಾಕೆ ಹಿಡಿಯಲಿಲ್ಲ ಅಂದರೆ, ನೋಡುತ್ತಿದ್ದ ಗ್ರಾಫ್ ಜಾವಾ ಹೀಪ್‌ನದ್ದು. ಅದು ಚೆನ್ನಾಗೇ ಇತ್ತು. ಆಂಡ್ರಾಯ್ಡ್ 8ರಿಂದ ಬಿಟ್‌ಮ್ಯಾಪ್‌ನ, ಅಂದರೆ ಬಿಚ್ಚಿ ಹರಡಿದ ಫೋಟೋದ, ಪಿಕ್ಸೆಲ್‌ಗಳು ಕೂರುವುದು ಜಾವಾ ಹೀಪ್‌ನ ಹೊರಗಿರುವ ನೇಟಿವ್ ಹೀಪ್‌ನಲ್ಲಿ. ಹಾಗಾಗಿ ಹಳೇ ಕಾಲದ ಹಾಗೆ 'ಔಟ್ ಆಫ್ ಮೆಮೊರಿ' ಅಂತ ಕ್ರ್ಯಾಶ್ ಆಗಿ ಸುಳಿವು ಕೂಡ ಕೊಡಲಿಲ್ಲ. ಸುಮ್ನೆ ದಪ್ಪಗಾಗುತ್ತಾ ಹೋಯಿತು, ಕ್ಯಾಮೆರಾ ತೆರೆದಾಗ ಕಿಲ್ಲರ್ ಕಣ್ಣಿಗೆ ಬಿತ್ತು. ಬೆಳಿಗ್ಗೆ ಒಂದೆರಡು ಮನೆ ಆದಾಗ ಆ್ಯಪ್ ತೆಳ್ಳಗಿತ್ತು. ಮಧ್ಯಾಹ್ನದ ಹೊತ್ತಿಗೆ ಏಳೆಂಟು ಮನೆಯ ಸಾಮಾನು ಅಟ್ಟದ ಮೇಲೆ. ಕೊಂದ ಮೇಲೆ ಹೊಸ ಪ್ರೊಸೆಸ್, ಖಾಲಿ ಅಟ್ಟ, ಅದಕ್ಕೇ ಮುಂದಿನ ಆರೇಳು ಮನೆ ಸಲೀಸು. ಫೋನಿನಲ್ಲಿ ಆ ಹೆಣ್ಣುಮಗಳು ಹೇಳಿದ್ದು ಅಕ್ಷರಶಃ ಇದನ್ನೇ.

ಸರಿಪಡಿಸಿದ್ದು ಒಂದು ಸಾಲು. ಆನ್‌ಸ್ಟಾರ್ಟ್‌ನಲ್ಲಿ ಹೆಸರು ಬರೆಸು, ಆನ್‌ಸ್ಟಾಪ್‌ನಲ್ಲಿ ತೆಗೆಸು. ಇಲ್ಲಿ ಒಂದು ಸೂಕ್ಷ್ಮ ಇದೆ. ಲೀಕ್ ತಡೆಯುವುದಷ್ಟೇ ಉದ್ದೇಶವಾದರೆ ಆನ್‌ಡಿಸ್ಟ್ರಾಯ್‌ನಲ್ಲಿ ತೆಗೆಸಿದರೂ ನಡೆಯುತ್ತದೆ. ಅದು ಕರೆಯದೆ ಹೋಯಿತು ಅಂದರೆ ಪ್ರೊಸೆಸ್ಸೇ ಸತ್ತಿದೆ, ಮೆಮೊರಿ ತಾನಾಗಿ ವಾಪಸ್ ಹೋಗಿದೆ. ಬಿಟ್ಟುಕೊಡುವ ಕೆಲಸಕ್ಕೆ ಆನ್‌ಡಿಸ್ಟ್ರಾಯ್ ನಂಬಬಹುದು, ಉಳಿಸಿಕೊಳ್ಳುವ ಕೆಲಸಕ್ಕೆ ನಂಬಬಾರದು. ನಾವು ಆನ್‌ಸ್ಟಾಪ್ ಆರಿಸಿದ್ದು ಬ್ಯಾಟರಿಗಾಗಿ. ಕಾಣದ ಸ್ಕ್ರೀನ್‌ಗೆ ಜಿಪಿಎಸ್ ಯಾಕೆ?

ಲೀಕ್‌ಗಳ ಉಳಿದ ಮಾಮೂಲಿ ದಾರಿಗಳೂ ಇದೇ ಜಾತಿಯವು. ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಆಕ್ಟಿವಿಟಿಯ ಕಾಂಟೆಕ್ಸ್ಟ್ ಇಡುವುದು. ಹತ್ತು ನಿಮಿಷ ಬಿಟ್ಟು ಓಡು ಅಂತ ಹ್ಯಾಂಡ್ಲರ್‌ಗೆ ಕೆಲಸ ಕೊಟ್ಟು ಮರೆಯುವುದು. ಫ್ರ್ಯಾಗ್‌ಮೆಂಟ್, ಅಂದರೆ ಸ್ಕ್ರೀನ್‌ನ ಒಂದು ತುಂಡು, ತನ್ನ ವ್ಯೂಗಿಂತ ಜಾಸ್ತಿ ಬದುಕುತ್ತದೆ ಎಂಬುದನ್ನು ಮರೆತು, ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ಬೈಂಡಿಂಗ್ ಅನ್ನು ನಲ್ ಮಾಡದೆ ಬಿಡುವುದು. ಕೊನೆಯದ್ದನ್ನು ನಾನು ಈಗಲೂ ಮರೆಯುತ್ತೇನೆ.

ಐಫೋನ್ ಕಡೆಯವರಿಗೆ ಗಾರ್ಬೇಜ್ ಕಲೆಕ್ಟರ್ ಇಲ್ಲ. 2011ರಲ್ಲಿ ಬಂದ ಎಆರ್‌ಸಿ ಒಂದು ವಸ್ತುವಿನ ಕೈಯನ್ನು ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಸುತ್ತಾ ಇರುತ್ತದೆ, ಸೊನ್ನೆ ಆದ ಕ್ಷಣ ತೆಗೆಯುತ್ತದೆ. ಇಬ್ಬರು ಒಬ್ಬರ ಕೈ ಇನ್ನೊಬ್ಬರು ಹಿಡಿದು ನಿಂತರೆ ಎಣಿಕೆ ಯಾವತ್ತೂ ಸೊನ್ನೆಗೆ ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಬೇರಿನಿಂದ ದೂರವಾದ ಇಂಥ ಜೋಡಿಯನ್ನು ಕಲೆಕ್ಟರ್ ಒಯ್ದುಬಿಡುತ್ತದೆ. ಐಫೋನ್‌ನಲ್ಲಿ ಒಬ್ಬರ ಹಿಡಿತವನ್ನು ನಾವೇ ವೀಕ್ ಮಾಡಬೇಕು. ಕ್ಲೋಷರ್‌ಗಳಲ್ಲಿ 'ವೀಕ್ ಸೆಲ್ಫ್' ಅಂತ ಮಂತ್ರದ ಹಾಗೆ ಬರೆಯುವುದು ಇದಕ್ಕೇ. ಅಲ್ಲಿನ ಕಿಲ್ಲರ್‌ನ ಹೆಸರು ಜೆಟ್ಸಮ್. ನಿದ್ದೆ ಮಾಡುತ್ತಿರುವ ಆ್ಯಪ್ ಅನ್ನು ಅದು ಕೊಲ್ಲುವಾಗ 'ವಿಲ್ ಟರ್ಮಿನೇಟ್' ಎಂಬ ಕರೆ ಅಲ್ಲೂ ಬರುವುದಿಲ್ಲ.

ಬೇಕಂತಲೇ ಕೊಲ್ಲುವುದು

ಇದೆಲ್ಲ ಆದ ಮೇಲೆ ಪ್ರತಿ ಬಿಡುಗಡೆಗೂ ಮುಂಚೆ ನಾವೇ ಆ್ಯಪ್ ಕೊಂದು ನೋಡುತ್ತೇವೆ. ಫಾರ್ಮ್ ಅರ್ಧ ತುಂಬಿ, ಹೋಮ್ ಒತ್ತಿ, ಕಂಪ್ಯೂಟರ್‌ನಿಂದ 'ಎಡಿಬಿ ಶೆಲ್ ಎಎಂ ಕಿಲ್' ಜೊತೆ ಪ್ಯಾಕೇಜ್ ಹೆಸರು ಕೊಡುವುದು. ಆಮೇಲೆ ರಿಸೆಂಟ್ಸ್‌ನಿಂದ ವಾಪಸ್ ಬರುವುದು. ಹೋಮ್ ಒತ್ತುವುದನ್ನು ಮರೆಯಬೇಡಿ, ಈ ಕಮಾಂಡ್ ಹಿಂದೆ ಸರಿದ ಆ್ಯಪ್‌ಗಳನ್ನು ಮಾತ್ರ ಕೊಲ್ಲುತ್ತದೆ. ಡೆವಲಪರ್ ಆಪ್ಶನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' ಅಂತ ಇದೆಯಲ್ಲ, ಅದು ಸ್ಕ್ರೀನ್ ಅನ್ನು ಮಾತ್ರ ಕೆಡವುತ್ತದೆ, ಪ್ರೊಸೆಸ್ ಬದುಕಿರುತ್ತದೆ. ಅದೊಂದನ್ನೇ ಹಾಕಿ ನೋಡಿ ಎಲ್ಲ ಸರಿ ಇದೆ ಅಂದುಕೊಂಡರೆ ಸ್ಟ್ಯಾಟಿಕ್ ವೇರಿಯಬಲ್‌ಗಳು ಮೋಸ ಮಾಡುತ್ತವೆ.

ಇದೇ ಸಮಯದಲ್ಲಿ ಗ್ರಾಹಕರು "ಒಂದು ಎಕ್ಸಿಟ್ ಬಟನ್ ಇಡಿ" ಅಂತ ಹಿಡಿದರು. ಎಲ್ಲ ಸ್ಕ್ರೀನ್ ಮುಚ್ಚಿ ರಿಸೆಂಟ್ಸ್‌ನಿಂದಲೂ ತೆಗೆಯುವ 'ಫಿನಿಶ್ ಆ್ಯಂಡ್ ರಿಮೂವ್ ಟಾಸ್ಕ್' ಇಟ್ಟುಕೊಟ್ಟೆ. ಪ್ರೊಸೆಸ್ ಅದಾದ ಮೇಲೂ ಇರಬಹುದು, ಇರಲಿ. 'ಸಿಸ್ಟಂ ಎಕ್ಸಿಟ್' ಹಾಕಿ ಅನ್ನುವವರಿದ್ದಾರೆ. ಕೆಳಗೆ ಇನ್ನೊಂದು ಸ್ಕ್ರೀನ್ ಉಳಿದಿದ್ದರೆ ಆಂಡ್ರಾಯ್ಡ್ ಆ್ಯಪ್ ಅನ್ನು ಕೆಲವು ಸಲ ಮತ್ತೆ ಎಬ್ಬಿಸಿ ಕೂರಿಸುತ್ತದೆ, ಮುಚ್ಚಿದ್ದು ತಾನಾಗೇ ತೆರೆದುಕೊಂಡಿತು ಅಂತ ಹೊಸ ದೂರು. ಮನೆಯಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಮಾಡುವ 'ಕ್ಲಿಯರ್ ಆಲ್' ಕೂಡ ಇಂಥದ್ದೇ. ಆ್ಯಪ್ ಅನ್ನು ಮತ್ತೆ ಸೊನ್ನೆಯಿಂದ ಎಬ್ಬಿಸಲು ಪ್ರೊಸೆಸರ್ ಜಾಸ್ತಿ ದುಡಿಯುತ್ತದೆ, ಬ್ಯಾಟರಿ ಉಳಿಯುವ ಬದಲು ಖರ್ಚಾಗುತ್ತದೆ.

ಆಂಡ್ರಾಯ್ಡ್ 11ರಿಂದ ಒಂದು ಒಳ್ಳೆಯ ಸೌಲಭ್ಯ ಬಂದಿದೆ. 'ಅಪ್ಲಿಕೇಶನ್ ಎಕ್ಸಿಟ್ ಇನ್‌ಫೋ' ಅಂತ. ಆ್ಯಪ್ ಎದ್ದ ಕೂಡಲೇ "ಹಿಂದಿನ ಸಲ ನಾನು ಹೇಗೆ ಸತ್ತೆ?" ಅಂತ ಸಿಸ್ಟಂ ಅನ್ನು ಕೇಳಬಹುದು. ಕ್ರ್ಯಾಶ್, ಮೆಮೊರಿ ಕಡಿಮೆ, ಬಳಸುವವರೇ ಮುಚ್ಚಿದ್ದು, ಹೀಗೆ ಕಾರಣ ಬರುತ್ತದೆ. ಕೆಲವು ಫೋನ್‌ಗಳಲ್ಲಿ ಮೆಮೊರಿ ಅಂತ ಹೇಳದೆ ಬರೀ ಸಿಗ್ನಲ್ 9 ಅಂತ ತೋರಿಸುತ್ತದೆ, ಅರ್ಥ ನಾವು ಮಾಡಿಕೊಳ್ಳಬೇಕು. ಇದನ್ನು ನಮ್ಮ ಆ್ಯಪ್‌ಗೂ ಸೇರಿಸಿದೆವು.

ಎರಡು ವಾರ ಬಿಟ್ಟು ಆ ಹೆಣ್ಣುಮಗಳ ಫೋನಿನಿಂದ ಬಂದ ದಾಖಲೆ ತೆಗೆದು ನೋಡಿದೆ. ಮೊದಲಿನಷ್ಟು ಇಲ್ಲದಿದ್ದರೂ ಆ ವಾರದಲ್ಲಿ ಆ್ಯಪ್ ಮೂರು ಸಲ ಸತ್ತಿತ್ತು. ಮೂರೂ ಸಲ ಕ್ಯಾಮೆರಾ ತೆರೆದಿದ್ದಾಗ, ಮೂರೂ ಸಲ ಮೆಮೊರಿ ಕಡಿಮೆ ಅಂತ. "ಏನಾದ್ರೂ ತೊಂದರೆ ಆಯ್ತಾ?" ಅಂತ ಫೋನ್ ಮಾಡಿ ಕೇಳಿದೆ.

"ಇಲ್ವಲ್ಲ ಸಾರ್, ಯಾಕೆ?" ಅಂದರು.